ಶ್ರೀಗಂಧದ ಮರವೂ ಸಾಬೂನಿನ ಕಾರಖಾನೆಯೂ

ಮುಂಬಯಿಯಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ದೇವರ ಕೋಣೆಗೆ ಹೋದರೆ ಸಾಣೆಕಲ್ಲಿನ ಪಕ್ಕದಲ್ಲಿ ಒಂದು ಗಂಧದ ಕೊರಡು, ಬಚ್ಚಲಮನೆಗೆ ಹೋದರೆ ಮೈಸೂರು ಸ್ಯಾಂಡಲ್ ಸಾಬೂನು, ಇವೆರಡೂ ಬಹುಮಟ್ಟಿಗೆ ಇದ್ದೇ ಇರುತ್ತವೆ. ಸಾಬೂನು ಮುಗಿದರೂ ಅದರ ಹೊದಿಕೆಯ ಕಾಗದವನ್ನು ರೇಷ್ಮೆ ಸೀರೆಗಳ ನಡುವೆ ಇಡುವ ತಾಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಇಷ್ಟು ಹತ್ತಿರದ ವಸ್ತುವಿನ ಹಿಂದೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದು ಒಂದು ಕಾರಖಾನೆಯ ಇತಿಹಾಸ ಮಾತ್ರವಲ್ಲ, ಒಂದು ಮರದ ಇತಿಹಾಸವೂ ಹೌದು. ಕಾರಖಾನೆಯ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮರದ ಕಥೆಯನ್ನು ಅಷ್ಟಾಗಿ ಯಾರೂ ಕೇಳುವುದಿಲ್ಲ.

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮರ ಯಾರ ಹೊಲದಲ್ಲಿಯೇ ಬೆಳೆದಿರಲಿ, ಅದು ಸರ್ಕಾರದ ಸ್ವತ್ತು. ಮೈಸೂರು ಅರಸರ ಕಾಲದಲ್ಲಿಯೂ ಈ ಪದ್ಧತಿಯೇ ಮುಂದುವರಿಯಿತು. ಕಾಡಿನಿಂದ ಬಂದ ಮರವನ್ನು ಕೆತ್ತಿ, ಬಿಳಿಯ ಹೊರಭಾಗವನ್ನು ತೆಗೆದು, ಚೇಗನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿ ಗಂಧದ ಕೋಠಿಗಳಲ್ಲಿ ಹರಾಜು ಹಾಕುತ್ತಿದ್ದರು. ಹಾಸನದಂಥ ಊರುಗಳಲ್ಲಿ ಗಂಧದ ಕೋಠಿ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಹರಾಜಿನಲ್ಲಿ ಕೊಂಡ ಮರದ ಬಹುಭಾಗ ಹಡಗು ಹತ್ತಿ ಯೂರೋಪಿಗೆ, ಅದರಲ್ಲಿಯೂ ಜರ್ಮನಿಗೆ, ಹೋಗುತ್ತಿತ್ತು. ಅಲ್ಲಿ ಅದನ್ನು ಬಟ್ಟಿಯಿಳಿಸಿ ಎಣ್ಣೆ ತೆಗೆದು ಸುಗಂಧದ್ರವ್ಯಕ್ಕೂ ಔಷಧಕ್ಕೂ ಬಳಸುತ್ತಿದ್ದರು. ಮರ ನಮ್ಮದು, ಲಾಭ ಅವರದು ಎಂಬ ಸ್ಥಿತಿ.

1914ರಲ್ಲಿ ಮಹಾಯುದ್ಧ ಹತ್ತಿಕೊಂಡಿತು. ಜರ್ಮನಿಯ ಬಾಗಿಲು ಒಮ್ಮೆಗೇ ಮುಚ್ಚಿತು. ಕೊಳ್ಳುವವರಿಲ್ಲದೆ ಮರ ಕೋಠಿಗಳಲ್ಲಿ ರಾಶಿಬಿದ್ದಿತು. ಸಂಸ್ಥಾನದ ಬೊಕ್ಕಸಕ್ಕೆ ಬರತಕ್ಕ ದೊಡ್ಡದೊಂದು ಆದಾಯ ನಿಂತುಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಇಂಜಿನಿಯರು ಇದ್ದರು. ಎಣ್ಣೆಯನ್ನು ನಾವೇ ತೆಗೆದರೇನು ಎಂಬ ಪ್ರಶ್ನೆ ಹುಟ್ಟಿದ್ದು ಈ ಸಂಕಟದಲ್ಲಿ.

ಪ್ರಶ್ನೆಗೆ ಉತ್ತರ ಹುಡುಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್. ಈ ವಿಜ್ಞಾನ ಮಂದಿರವೆಂದರೆ ಬೇರೆ ಯಾವುದೂ ಅಲ್ಲ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದುದೇ. ಮುಂಬಯಿಯ ಜಮ್‌ಷೆಟ್‌ಜಿ ಟಾಟಾ ಅವರ ಹಣ, ಮೈಸೂರು ಅರಮನೆ ಕೊಟ್ಟ 371 ಎಕರೆ ನೆಲ, ಇವೆರಡೂ ಕೂಡಿ ಹುಟ್ಟಿದ ಸಂಸ್ಥೆ ಅದು. ಮುಂಬಯಿಯ ಅನ್ನವನ್ನು ಉಣ್ಣುವ ಕನ್ನಡಿಗರಾದ ನಮಗೆ ಈ ಸಂಬಂಧ ನೆನೆಸಿಕೊಳ್ಳಲು ಹಿತವಾಗಿದೆ. ಪ್ರಯೋಗ ಶಾಲೆಯಲ್ಲಿ ಫಲ ಕಂಡ ಮೇಲೆ 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರಖಾನೆಗಳು ಆರಂಭವಾದುವು. ಅರಣ್ಯ ಇಲಾಖೆ ಮರ ಕೊಟ್ಟಿತು, ವಿಜ್ಞಾನಿಗಳು ವಿಧಾನ ಕೊಟ್ಟರು, ಸರ್ಕಾರ ಬಂಡವಾಳ ಹಾಕಿತು. ಮರದ ಪುಡಿಯ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ, ನೀರಿನ ಮೇಲೆ ತೇಲುವ ಎಣ್ಣೆಯನ್ನು ಬೇರ್ಪಡಿಸುವುದು. ಹೇಳುವಾಗ ಸುಲಭ, ಆದರೆ ಗಂಧದೆಣ್ಣೆ ಆತುರಕ್ಕೆ ಒಲಿಯುವುದಿಲ್ಲ, ಗಂಟೆಗಟ್ಟಲೆ, ದಿನಗಟ್ಟಲೆ ಹಬೆ ಹಾಯಿಸಬೇಕು.

ಎಣ್ಣೆ ಸಿದ್ಧವಾದ ಬಳಿಕ ಸಾಬೂನಿನ ಯೋಚನೆ ಬಂದುದು ಸಹಜ. ವಿದೇಶದ ಅತಿಥಿಗಳು ಮಹಾರಾಜರಿಗೆ ಗಂಧದೆಣ್ಣೆಯಿಂದ ಮಾಡಿದ ಸಾಬೂನನ್ನು ಕಾಣಿಕೆ ಕೊಟ್ಟರೆಂದೂ ಅದರಿಂದ ಈ ಆಲೋಚನೆ ಮೊಳೆಯಿತೆಂದೂ ಹೇಳುವುದುಂಟು. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನ ಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳುಹಿಸಿ ಈ ವಿದ್ಯೆಯನ್ನು ಕಲಿಸಿ ತಂದರು. 1918ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಬಳಿ ಸರ್ಕಾರಿ ಸಾಬೂನು ಕಾರಖಾನೆ ಪ್ರಾರಂಭವಾಯಿತು. ಅಂಡಾಕಾರದ ಬಿಲ್ಲೆ, ಆಭರಣದ ಪೆಟ್ಟಿಗೆಯಂತೆ ತೋರುವ ಡಬ್ಬಿ, ಒಳಗೆ ತೆಳ್ಳನೆಯ ಕಾಗದದ ಹೊದಿಕೆ. ಮುದ್ರೆಗೆ ಶರಭ: ಸಿಂಹದ ಮೈ, ಆನೆಯ ತಲೆ. ಬಲವೂ ವಿವೇಕವೂ ಕೂಡಿರಬೇಕೆಂಬ ಭಾವನೆಯಂತೆ. ಟ್ರಾಂ ಟಿಕೀಟಿನ ಮೇಲೆ, ಬೆಂಕಿಪೆಟ್ಟಿಗೆಯ ಮೇಲೆ ಜಾಹೀರಾತು ಅಚ್ಚಾಯಿತು; ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರಂತೆ. ಸರ್ಕಾರಿ ಕಚೇರಿಯವರಿಗೆ ವ್ಯಾಪಾರ ತಿಳಿಯದು ಎನ್ನುವವರು ಈ ಒಂಟೆಗಳನ್ನು ಸ್ವಲ್ಪ ನೆನೆಯಬೇಕು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇವೆ. 1944ರಲ್ಲಿ ಶಿವಮೊಗ್ಗದಲ್ಲಿ ಮತ್ತೊಂದು ಎಣ್ಣೆ ಕಾರಖಾನೆ ಆಯಿತು. 1957ರಲ್ಲಿ ಸಾಬೂನಿನ ಕಾರಖಾನೆ ರಾಜಾಜಿನಗರದ ಕಡೆಗೆ ಸ್ಥಳಾಂತರವಾಯಿತು. 1980ರಲ್ಲಿ ಎಲ್ಲವನ್ನೂ ಕೂಡಿಸಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಕಂಪನಿಯನ್ನು ಮಾಡಿದರು. 1990ರ ದಶಕದಲ್ಲಿ ನಷ್ಟ ಕಂಡು, ಮತ್ತೆ ಚೇತರಿಸಿಕೊಂಡು, 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆಯಿತು.

ಈಗ ಮರದ ಕಡೆಗೆ ತಿರುಗೋಣ. ಬ್ಯಾಂಕಿನಲ್ಲಿ ಕುಳಿತು ಲೆಕ್ಕ ಬರೆಯುವವರಾದ ನಮಗೆ ಇಲ್ಲಿಯೇ ಹೆಚ್ಚು ಆಸಕ್ತಿ. ಗಂಧದ ಮರದ ಸ್ವಭಾವವೇ ಸಾಲಗಾರನದು. ಅದು ಪೂರ್ಣವಾಗಿ ತನ್ನ ಕಾಲಮೇಲೆ ನಿಲ್ಲುವುದಿಲ್ಲ. ನೆಲದೊಳಗೆ ತನ್ನ ಬೇರುಗಳನ್ನು ನೆರೆಯ ಗಿಡಗಳ ಬೇರುಗಳಿಗೆ ತಾಗಿಸಿ ನೀರನ್ನೂ ಸತ್ವವನ್ನೂ ಹೀರುತ್ತದೆ. ಹೊಂಗೆ, ಗಾಳಿಮರ, ತೊಗರಿ, ಇಂಥ ಆಸರೆ ಇಲ್ಲದಿದ್ದರೆ ಸೊರಗುತ್ತದೆ. ಹಣ್ಣನ್ನು ತಿಂದ ಪಿಕಳಾರದಂಥ ಹಕ್ಕಿಗಳು ಬೀಜವನ್ನು ಬೇಲಿಸಾಲುಗಳಲ್ಲಿ ಉದುರಿಸಿ ಹೋಗುತ್ತವೆ. ಹತ್ತು ಹದಿನೈದು ವರ್ಷವಾದ ಮೇಲೆ ಚೇಗು ಕಟ್ಟಲು ತೊಡಗುತ್ತದೆ. ಒಳ್ಳೆಯ ಎಣ್ಣೆ ಬೇಕಾದರೆ ಮೂವತ್ತು ವರ್ಷ ಕಾಯಬೇಕು. ಬೇರಿನಲ್ಲಿಯೂ ಎಣ್ಣೆ ಇರುವುದರಿಂದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಅಗೆದು ತೆಗೆಯುತ್ತಾರೆ. ಅಂದಮೇಲೆ ಒಂದು ಕಡೆ ಕಾರಖಾನೆ ದಿನವೂ ಓಡುತ್ತದೆ, ಇನ್ನೊಂದು ಕಡೆ ಮರ ಮೂವತ್ತು ವರ್ಷ ಕೇಳುತ್ತದೆ. ಬಡ್ಡಿ ಹುಟ್ಟುವುದಕ್ಕಿಂತ ಬೇಗ ಖರ್ಚು ಮಾಡಿದರೆ ಅಸಲು ಕರಗುವುದೆಂದು ತಿಳಿಯಲು ಬಿ.ಕಾಂ. ಓದಬೇಕಾಗಿಲ್ಲ.

ಕಷ್ಟಗಳೂ ಒಂದೆರಡಲ್ಲ. 1899ರಲ್ಲಿಯೇ ಕೊಡಗಿನಲ್ಲಿ ಸ್ಪೈಕ್ ರೋಗವು ಕಾಣಿಸಿಕೊಂಡಿತು. ಎಲೆಗಳು ಚಿಕ್ಕದಾಗಿ, ಸೆಟೆದು, ಮರ ಕೆಲವು ವರ್ಷಗಳಲ್ಲಿ ಒಣಗುತ್ತದೆ. ಕೀಟಗಳಿಂದ ಹರಡುವ ಅತಿಸೂಕ್ಷ್ಮಜೀವಿ ಇದಕ್ಕೆ ಕಾರಣವೆಂದು 1969ರಲ್ಲಿ ತಿಳಿದುಬಂದರೂ ನಂಬತಕ್ಕ ಮದ್ದು ಇಂದಿಗೂ ಇಲ್ಲ. ಅದರ ಮೇಲೆ ಕಾಡುಗಿಚ್ಚು, ಕಳ್ಳಸಾಗಣೆ. 2004ರಲ್ಲಿ ವೀರಪ್ಪನ್ ಸತ್ತನು. ಗಂಧದ ಕಳವು ಅವನೊಡನೆ ಸಾಯಲಿಲ್ಲ. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಶ್ರೀಗಂಧವನ್ನು ಅಪಾಯಕ್ಕೆ ಸಿಲುಕಿದ ಜಾತಿಗಳ ಪಟ್ಟಿಗೆ ಸೇರಿಸಿತು. ಸಾಗರ, ಸೊರಬದ ಗುಡಿಗಾರರಿಗೆ ಕೆತ್ತನೆಗೆ ಮರ ಸಿಗುವುದೇ ದುರ್ಲಭವಾಯಿತು.

ಆದರೆ ರೋಗಕ್ಕಿಂತ, ಕಳ್ಳನಿಗಿಂತ, ಕಾನೂನೇ ಈ ಮರಕ್ಕೆ ಹೆಚ್ಚು ಕೇಡು ಮಾಡಿತೆಂದು ನಮ್ಮ ಎಣಿಕೆ. ರೈತನ ಹೊಲದಲ್ಲಿ ಹಕ್ಕಿ ಬಿತ್ತಿದ ಗಿಡ ಸರ್ಕಾರದ್ದು. ಅದನ್ನು ಕಾಯುವ ಹೊಣೆ ರೈತನದು. ಕಳುವಾದರೆ ವಿಚಾರಣೆಗೆ ನಿಲ್ಲಬೇಕಾದವನೂ ಅವನೇ. ಸಿಗುತ್ತಿದ್ದುದು ಸರ್ಕಾರ ಕೊಟ್ಟ ಪಾಲು ಮಾತ್ರ. ಹೀಗಿರಲಾಗಿ ಬೇಲಿಯಲ್ಲಿ ಗಂಧದ ಸಸಿ ತಲೆಯೆತ್ತಿದೊಡನೆ ಸದ್ದಿಲ್ಲದೆ ಕಿತ್ತು ಎಸೆಯುವುದು ಹಳ್ಳಿಗಳಲ್ಲಿ ವಾಡಿಕೆಯಾಯಿತು. ಯಾರು ಅವರನ್ನು ತಪ್ಪೆನ್ನಬಲ್ಲರು? 1916ರಲ್ಲಿ ಅರಮನೆ, ಅರಣ್ಯ, ವಿಜ್ಞಾನ, ಎಲ್ಲರೂ ಕೈಗೂಡಿಸಿದರು ಎಂದೆವಷ್ಟೆ. ಆ ಕೂಟದಲ್ಲಿ ಹೊಲದ ಒಡೆಯನಿಗೆ ಮಾತ್ರ ಮಣೆ ಹಾಕಿರಲಿಲ್ಲ.

ಈ ಲೋಪವನ್ನು ತಿದ್ದಲು ಟಿಪ್ಪುವಿನ ಆಜ್ಞೆಯಿಂದ ಇನ್ನೂರ ಒಂಬತ್ತು ವರ್ಷ ಹಿಡಿಯಿತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಅಲ್ಲಿನ ಗಂಧದ ಮರದ ಒಡೆಯನೆಂದಾಯಿತು. ಸಾಬೂನಿನ ಕಂಪನಿಯೂ ರೈತರಿಗೆ ಸಸಿ ಒದಗಿಸಿ, ಬೆಳೆದ ಮರವನ್ನು ತಾನೇ ಕೊಳ್ಳುವ ಯೋಜನೆಯನ್ನು ಹೂಡಿತು. ಬೆಂಗಳೂರಿನ ಮರ ವಿಜ್ಞಾನ ಸಂಸ್ಥೆ ಬೆಳೆಗಾರರಿಗೆ ತರಬೇತಿ ಕೊಡತೊಡಗಿತು. ಅಷ್ಟರಲ್ಲಿ ಆಸ್ಟ್ರೇಲಿಯದವರು ಮುಂದೆ ಹೋಗಿದ್ದರು. ಕುನುನುರಾ ಎಂಬ ಊರಿನ ಸುತ್ತ, ಆರ್ಡ್ ನದಿಯ ನೀರಾವರಿಯಲ್ಲಿ, ನಮ್ಮ ಜಾತಿಯ ಗಂಧವನ್ನೇ ಸಾವಿರಾರು ಎಕರೆಗಳಲ್ಲಿ 1990ರ ದಶಕದಿಂದ ಬೆಳೆಸಿದ್ದರು. ಇಂದು ಜಗತ್ತಿನ ಸುಗಂಧ ತಯಾರಕರು ಅವರ ಎಣ್ಣೆಯನ್ನು ಕೊಳ್ಳುತ್ತಾರೆ.

2025ರ ಮೇ ತಿಂಗಳಲ್ಲಿ ಈ ಸಾಬೂನಿನ ಪ್ರಚಾರಕ್ಕೆ ಚಿತ್ರನಟಿಯೊಬ್ಬರನ್ನು 6 ಕೋಟಿ 20 ಲಕ್ಷ ರೂಪಾಯಿಗೆ ಗೊತ್ತುಮಾಡಿದಾಗ, ಕನ್ನಡದ ನಟಿ ಏಕಿಲ್ಲ ಎಂದು ನಾಡೆಲ್ಲ ಗುಲ್ಲಾಯಿತು. ಕೇಳತಕ್ಕ ಪ್ರಶ್ನೆಯೇ ಇರಬಹುದು. ಎಣ್ಣೆಯ ಮರ ಎಲ್ಲಿಂದ ಬರುತ್ತಿದೆ ಎಂದು ಅಷ್ಟೇ ಗಟ್ಟಿಯಾಗಿ ಕೇಳಿದವರನ್ನು ನಾವು ಕಾಣೆವು.

ನಮ್ಮ ಸಂಘದ ಅನೇಕರಿಗೆ ಊರಿನಲ್ಲಿ ಬೀಳುಬಿದ್ದ ಜಮೀನು ಉಂಟು. ಗಂಧ ಹಾಕೋಣವೇ ಎಂದು ವಿಚಾರಿಸುವವರೂ ಉಂಟು. ಎಕರೆಗೆ ಕೋಟಿ ಕೋಟಿ ಎಂದು ಹೇಳುವ ಜಾಹೀರಾತುಗಳನ್ನು ನೋಡಿ ಯಾರೂ ಹಣ ಕಟ್ಟಬಾರದು. ಆಸ್ಟ್ರೇಲಿಯದಲ್ಲಿ ಗಂಧದ ತೋಪುಗಳಿಗಾಗಿ ಹೂಡಿಕೆದಾರರಿಂದ ಹಣ ಎತ್ತಿದ ಕ್ವಿಂಟಿಸ್ ಎಂಬ ಬೃಹತ್ ಕಂಪನಿಯೇ 2018ರಲ್ಲಿ ಸಾಲ ತೀರಿಸಲಾರದೆ ಆಡಳಿತಾಧಿಕಾರಿಗಳ ಕೈಸೇರಿತು. ಚೇಗು ಕಟ್ಟಿದ ಮೇಲೆ ಕಳ್ಳರ ಕಣ್ಣು ಬೀಳುವುದು ಖಂಡಿತ. ಊರಿನಲ್ಲಿ ಅಣ್ಣನೋ ಚಿಕ್ಕಪ್ಪನೋ ಮನೆಮಾಡಿಕೊಂಡು ಕಾಯುವಂತಿದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಬಹುದು. ಹಾಕುವವರು ಮರಗಳನ್ನು ಪಹಣಿಯಲ್ಲಿ ನಮೂದಿಸಿಕೊಳ್ಳಬೇಕು. ಮರ ತನ್ನದೇ ಆದರೂ ಅದನ್ನು ತೆಗೆಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಸಸಿಯ ಪಕ್ಕದಲ್ಲಿ ಮೊದಲ ವರ್ಷ ತೊಗರಿ ಇರಲಿ, ಸಾಲುಗಳ ನಡುವೆ ಹೊಂಗೆಯೋ ಗಾಳಿಮರವೋ ಇರಲಿ. 2002ರ ಮಳೆಗಾಲದಲ್ಲಿ ನೆಟ್ಟವರ ಮರಗಳಿಗೆ ಮೂವತ್ತು ತುಂಬುವುದು 2032ರಲ್ಲಿ.