ಬಾನುಲಿಯ ಲೆಕ್ಕದ ಪಾಠ



ಶಾಲೆಯ ಮಕ್ಕಳಿಗೆ ಗಣಿತ ಕಲಿಸುವ ಸಲಕರಣೆಗಳಿಗೆ ಇಂದು ಕೊರತೆಯಿಲ್ಲ. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾಗಿರುವ ಕ್ಯೂ.ಆರ್. ಕೋಡಿನ ಎದುರು ಮೊಬೈಲು ಹಿಡಿದರೆ ಪಾಠ ತೆರೆದುಕೊಳ್ಳುತ್ತದೆ. ಅನೇಕ ಶಾಲೆಗಳಲ್ಲಿ ಕರಿಹಲಗೆಯ ಪಕ್ಕಕ್ಕೆ ಬೆಳಗುವ ಪರದೆಯೂ ಬಂದಿದೆ. ದೂರದಲ್ಲಿ ಕುಳಿತವರು ಯಂತ್ರದ ಮೂಲಕ ಲೆಕ್ಕ ಕಲಿಸುವ ಈ ವಿದ್ಯೆ ನಿನ್ನೆ ಮೊನ್ನೆ ಹುಟ್ಟಿತೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಅದಕ್ಕೆ ಅರುವತ್ತು ವರ್ಷಗಳ ಇತಿಹಾಸವುಂಟು. ಆ ಇತಿಹಾಸದ ಮುಖ್ಯವಾದೊಂದು ಅಧ್ಯಾಯ ಬಾನುಲಿಗೆ ಸೇರಿದ್ದು. ಈ ಪತ್ರಿಕೆಯ ವಾಚಕರು ಅದನ್ನು ತಿಳಿಯುವುದು ಉಚಿತವೆಂದು ಈ ಪ್ರಬಂಧವನ್ನು ಬರೆಯುತ್ತಿದ್ದೇನೆ.

ಹಳಗನ್ನಡ ಓದಿಸುವ ಪಂಡಿತನಿಗೆ ಗಣಿತದ ಗೊಡವೆಯೇಕೆ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ ಗಣಿತವೂ ಒಂದು ಕಾಲಕ್ಕೆ ಪದ್ಯವಾಗಿಯೇ ಇತ್ತು. ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ಭಾಸ್ಕರಾಚಾರ್ಯನ ‘ಲೀಲಾವತಿ’ 1150ರದು. ಈ ಪರಂಪರೆಯಲ್ಲಿ ಗ್ರಂಥಕಾರನು ಸೂತ್ರವನ್ನು ಹೇಳಿ ಸುಮ್ಮನಾಗುವುದಿಲ್ಲ. ಉದಾಹರಣೆಯೊಂದನ್ನು ಕೊಟ್ಟು, ಎದುರಿಗಿರುವ ಶಿಷ್ಯನನ್ನೋ ಬಾಲೆಯನ್ನೋ ಕರೆದು, ಉತ್ತರವೆಷ್ಟು, ಹೇಳು ಎಂದು ಕೇಳುತ್ತಾನೆ. ಆ ‘ಹೇಳು’ ಎಂಬ ಮಾತಿನ ಬಳಿಕ ಒಂದು ಬಿಡುವು ಇದೆ. ಲೆಕ್ಕ ನಡೆಯುವುದು ಆ ಬಿಡುವಿನಲ್ಲಿ. ಈ ಬಿಡುವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಾಲದ ಯಂತ್ರಗಳನ್ನು ಅಳೆಯಲು ಅದು ಒಳ್ಳೆಯ ಅಳತೆಗೋಲು.

ಈಗ ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ಹೋಗೋಣ. ಅಲ್ಲಿಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ಯಾಟ್ರಿಕ್ ಸಪೀಸ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು 1963ರಲ್ಲಿ ಸಹೋದ್ಯೋಗಿಗಳೊಡನೆ ಕೂಡಿ, ಕಂಪ್ಯೂಟರಿನಿಂದ ಎಳೆಯ ಮಕ್ಕಳಿಗೆ ಪಾಠ ಹೇಳಿಸಬಹುದೇ ಎಂಬ ಪ್ರಯೋಗಕ್ಕೆ ತೊಡಗಿದರು. ಕಂಪ್ಯೂಟರು ವಿಶ್ವವಿದ್ಯಾನಿಲಯದಲ್ಲಿ, ಶಾಲೆಯಲ್ಲಿ ಇರುತ್ತಿದ್ದುದು ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರ, ಎರಡರ ನಡುವೆ ದೂರವಾಣಿಯ ತಂತಿ. ಯಂತ್ರವು ಕಾಗದದ ಮೇಲೆ ಒಂದು ಲೆಕ್ಕವನ್ನು ಅಚ್ಚೊತ್ತಿ ಸುಮ್ಮನಾಗುತ್ತಿತ್ತು. ಮಗು ಉತ್ತರವನ್ನು ಒತ್ತಬೇಕು. ಸರಿಯಾದರೆ ಮುಂದಿನ ಲೆಕ್ಕ. ತಪ್ಪಾದರೆ ಅದೇ ಲೆಕ್ಕ ಮತ್ತೊಮ್ಮೆ. 1967-68ರ ವೇಳೆಗೆ ಸಾವಿರ ಮೈಲಿಗೂ ಮೀರಿದ ದೂರದ ಮಿಸಿಸಿಪಿ ರಾಜ್ಯದ ಮಕೋಂ ಎಂಬ ಊರಿನ ಮಕ್ಕಳೂ ಹೀಗೆ ಅಭ್ಯಾಸ ಮಾಡುತ್ತಿದ್ದರು. ಇಂದು ನಾವು ‘ಆನ್‌ಲೈನ್’ ಎನ್ನುವ ಗಣಿತಪಾಠದ ಪೂರ್ವಜನೆಂದರೆ ಇದೇ. ಅಲೆಗ್ಸಾಂಡರನಿಗೆ ಅರಿಸ್ಟಾಟಲನು ಗುರುವಾಗಿ ದೊರೆತಂತೆ ಮುಂದೆ ಲಕ್ಷಾಂತರ ಮಕ್ಕಳಿಗೆ ಒಬ್ಬೊಬ್ಬ ಗುರು ದೊರೆಯುವನೆಂಬ ಆಸೆಯನ್ನು ಸಪೀಸ್ 1966ರಲ್ಲಿಯೇ ಬರೆದು ಪ್ರಕಟಿಸಿದ್ದರು.

ಆಸೆ ದೊಡ್ಡದು, ವೆಚ್ಚ ಅದಕ್ಕಿಂತಲೂ ದೊಡ್ಡದು. ಆ ದಿನಗಳ ಕಂಪ್ಯೂಟರಿನ ಬೆಲೆಯನ್ನು ಬಡ ದೇಶದ ಯಾವ ಶಾಲೆ ತಾನೇ ತೆರಬಲ್ಲದು? ಆದರೆ ಆ ಪಾಠದ ಜೀವಾಳ ಕಂಪ್ಯೂಟರೇ, ಅಥವಾ ಮಗುವಿನಿಂದ ಪದೇಪದೇ ಉತ್ತರ ಪಡೆಯುವ ಕ್ರಮವೇ? ಕ್ರಮವೇ ಜೀವಾಳವಾದರೆ ಅದನ್ನು ಅಗ್ಗದ ಸಾಧನವೊಂದಕ್ಕೆ ಹೂಡಬಹುದಲ್ಲವೇ? ಸಪೀಸ್, ಜೇಮ್‌ಸಿನ್ ಫ್ರೆಂಡ್, ಬಾರ್ಬರಾ ಸರ್ಲ್ ಮೊದಲಾದವರು ಆರಿಸಿಕೊಂಡ ಸಾಧನ ಬಾನುಲಿ; ಸ್ಥಳ ಮಧ್ಯ ಅಮೆರಿಕದ ನಿಕರಾಗುವ. ಅಮೆರಿಕ ಸರ್ಕಾರದ ನೆರವಿನಿಂದ, ಅಲ್ಲಿಯ ಶಿಕ್ಷಣ ಸಚಿವಾಲಯದ ಜೊತೆಗೂಡಿ, 1974ರಲ್ಲಿ ಮಸಾಯ ಪ್ರಾಂತದಲ್ಲಿ ಕೆಲಸ ಮೊದಲಾಯಿತು.

ಪಾಠದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಭಾಷೆ ಅಲ್ಲಿಯ ಜನರ ಸ್ಪ್ಯಾನಿಷ್. ಬಾನುಲಿಯಲ್ಲಿ ಪಾತ್ರಗಳು ಮಾತನಾಡುತ್ತವೆ, ಹಾಡು ಬರುತ್ತದೆ, ಚಿಕ್ಕ ಕಥೆಯೂ ಬರುತ್ತದೆ. ಆದರೆ ಮಕ್ಕಳು ಕೈಕಟ್ಟಿ ಕೇಳುತ್ತ ಕೂಡುವಂತಿಲ್ಲ. ಎಂಟಕ್ಕೆ ಐದು ಸೇರಿಸಿದರೆ ಎಷ್ಟು ಎಂದು ಕೇಳಿದ ಧ್ವನಿ ಮೌನವಾಗುತ್ತದೆ. ಆ ಮೌನದಲ್ಲಿ ತರಗತಿಯೆಲ್ಲ ಒಂದೇ ಕೊರಳಿನಲ್ಲಿ ಉತ್ತರ ಹೇಳಬೇಕು. ಕ್ಷಣ ಕಳೆದ ಮೇಲೆ ಬಾನುಲಿ ಸರಿಯುತ್ತರವನ್ನು ಹೇಳುತ್ತದೆ. ಮಗು ತನ್ನ ಉತ್ತರವನ್ನು ಅದರೊಡನೆ ಹೋಲಿಸಿಕೊಳ್ಳುತ್ತದೆ. ಕೆಲವು ಉತ್ತರಗಳನ್ನು ಬರೆಯಬೇಕು, ಕೆಲವನ್ನು ಚಪ್ಪಾಳೆ ತಟ್ಟಿ ತೋರಿಸಬೇಕು. ಹೀಗೆ ಸುಮಾರು ಅರ್ಧ ಗಂಟೆಯೊಳಗೆ ಪ್ರತಿ ಮಗುವೂ ಹತ್ತಾರು ಸಲ ಉತ್ತರ ಕೊಡುತ್ತಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಉಪಾಧ್ಯಾಯನು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತ ಹೋದರೆ ಒಂದು ಮಗುವಿಗೆ ಬರುವ ಸರದಿ ಎಷ್ಟು ಎಂಬುದನ್ನು ನಮ್ಮಂಥ ಮೇಷ್ಟರುಗಳು ಬಲ್ಲೆವು.

ಬಾನುಲಿ ನಿಂತೊಡನೆ ಪಾಠ ಮುಗಿಯುತ್ತಿರಲಿಲ್ಲ. ಉಳಿದ ಭಾಗವನ್ನು ಉಪಾಧ್ಯಾಯನು ನಡೆಸಬೇಕು. ಅವನಿಗೆ ಬೇಕಾದ ಸೂಚನೆಗಳನ್ನು ಬರೆದು ಕೊಟ್ಟಿರುತ್ತಿದ್ದರು. ಪಾಠಗಳನ್ನು ಬರೆದವರೂ ಬರೆದು ಕೈತೊಳೆದುಕೊಳ್ಳಲಿಲ್ಲ. ಶಾಲೆಗಳಲ್ಲಿ ವೀಕ್ಷಕರನ್ನು ಕೂರಿಸಿ, ಮಕ್ಕಳು ಎಲ್ಲಿ ಉತ್ಸಾಹದಿಂದ ಕೂಗಿದರು, ಎಲ್ಲಿ ತಡವರಿಸಿದರು ಎಂಬುದನ್ನು ತಿಳಿದು, ಆಗಾಗ ಪರೀಕ್ಷೆಗಳನ್ನು ನಡೆಸಿ, ಪಾಠಗಳನ್ನು ತಿದ್ದುತ್ತ ಬಂದರು.

ಫಲವೇನು? 1981ರಲ್ಲಿ ಅದರ ಒಂದು ಅಧ್ಯಯನ ಪ್ರಕಟವಾಯಿತು. ಒಂದನೆಯ ತರಗತಿಯ 88 ಕೊಠಡಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಬಾನುಲಿ ಪಾಠವನ್ನೂ ಇನ್ನೊಂದಕ್ಕೆ ಲೆಕ್ಕದ ಅಭ್ಯಾಸ ಪುಸ್ತಕಗಳನ್ನೂ ಕೊಟ್ಟು, ಮೂರನೆಯದನ್ನು ಮೊದಲಿನಂತೆಯೇ ಬಿಟ್ಟಿದ್ದರು. ಪುಸ್ತಕ ಸಿಕ್ಕ ಮಕ್ಕಳು ಮುಂದೆ ಬಂದರು. ಬಾನುಲಿ ಸಿಕ್ಕವರ ಪ್ರಗತಿಯಾದರೋ ಪುಸ್ತಕದವರದಕ್ಕಿಂತ ಸುಮಾರು ನಾಲ್ಕು ಪಟ್ಟು. ಅದಕ್ಕಿಂತಲೂ ಹೆಚ್ಚಿನ ಮಾತು ಮತ್ತೊಂದಿದೆ: ಪಟ್ಟಣದ ಮಕ್ಕಳಿಗೂ ಹಳ್ಳಿಯ ಮಕ್ಕಳಿಗೂ ಇದ್ದ ಅಂತರ ಕಡಿಮೆಯಾಯಿತು. ಸಲಕರಣೆ ಬಂದಾಗಲೆಲ್ಲ ಉಳ್ಳವರ ಮಕ್ಕಳು ಮುಂದೆ ಓಡಿ ಇಲ್ಲದವರು ಹಿಂದೆ ಉಳಿಯುವುದು ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ.

ಆದರೂ ಬಾನುಲಿಗೆ ದೊಡ್ಡ ಕೊರತೆಯೊಂದಿತ್ತು. ಅದಕ್ಕೆ ಬಾಯಿಯುಂಟು, ಕಿವಿಯಿಲ್ಲ. ಮಗು ತಪ್ಪು ಹೇಳಿದರೆ ಅದಕ್ಕೆ ತಿಳಿಯದು. ಟೆಲಿಟೈಪಿಗೆ ತಪ್ಪು ತಿಳಿಯುತ್ತಿತ್ತು, ಆದರೆ ತಪ್ಪಿನ ಕಾರಣ ತಿಳಿಯುತ್ತಿರಲಿಲ್ಲ. ಈ ಕಾರಣದ ಶೋಧನೆಗೂ ನಿಕರಾಗುವದ ಮಕ್ಕಳೇ ನೆರವಾದದ್ದು ಕುತೂಹಲದ ಸಂಗತಿ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ವಿದ್ವಾಂಸರು, ಆ ದೇಶದ ಸುಮಾರು 1300 ಮಕ್ಕಳು ಮಾಡಿದ ಸುಮಾರು 20,000 ಲೆಕ್ಕಗಳ ಉತ್ತರಗಳನ್ನು ಕಂಪ್ಯೂಟರಿಗೆ ಕೊಟ್ಟು ಪರೀಕ್ಷಿಸಿ, 1978ರಲ್ಲಿ ಲೇಖನ ಪ್ರಕಟಿಸಿದರು. ಮಕ್ಕಳ ತಪ್ಪುಗಳಲ್ಲಿ ಬಹಳಷ್ಟು ಅಜಾಗರೂಕತೆಯಿಂದ ಆದವಲ್ಲ. ತಪ್ಪಾದ ನಿಯಮವೊಂದನ್ನು ತಪ್ಪದೆ ಪಾಲಿಸಿದ್ದರಿಂದ ಆದವು ಎಂದು ಅವರು ಕಂಡುಕೊಂಡರು.

ಒಂದು ಉದಾಹರಣೆ ನೋಡಿ. 103ರಲ್ಲಿ 45 ಕಳೆಯಬೇಕು. ಮಗು 158 ಎಂದು ಬರೆಯುತ್ತದೆ. ಇದ್ದುದಕ್ಕಿಂತ ಉಳಿದದ್ದೇ ಹೆಚ್ಚಾಯಿತೇ ಎಂದು ನಾವು ನಗುತ್ತೇವೆ, ಇಲ್ಲವೆ ಗದರುತ್ತೇವೆ. ಆದರೆ ಅದು ನಡೆದ ದಾರಿಯನ್ನು ಗಮನಿಸಿ. ಬಿಡಿಯ ಸ್ಥಾನದಲ್ಲಿ ಮೂರರಲ್ಲಿ ಐದು ಹೋಗದು. ಪಕ್ಕದಿಂದ ಕಡ ತರಬೇಕು. ಪಕ್ಕದಲ್ಲಿ ಸೊನ್ನೆ. ಸೊನ್ನೆ ಒಂಬತ್ತಾಗುತ್ತದೆ ಎಂಬುದು ಮಗುವಿಗೆ ನೆನಪಿದೆ. ಹದಿಮೂರರಲ್ಲಿ ಐದು ಹೋದರೆ ಎಂಟು. ಒಂಬತ್ತರಲ್ಲಿ ನಾಲ್ಕು ಹೋದರೆ ಐದು. ನೂರರ ಸ್ಥಾನದ ಒಂದನ್ನು ತೆಗೆಯಬೇಕೆಂಬುದು ಮಾತ್ರ ಮರೆತಿದೆ. ಸೊನ್ನೆ ಒಂಬತ್ತಾದದ್ದು ಹೇಗೆ, ಕೊಟ್ಟವರು ಯಾರು ಎಂಬುದನ್ನು ಅದು ತಿಳಿದಿಲ್ಲ. ಇಂಥ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಹಾಕಿಸಿದರೆ ಇಪ್ಪತ್ತೂ ತಪ್ಪಾಗುತ್ತವೆ. ನೂರನ್ನು ಹತ್ತರ ಹತ್ತು ಕಟ್ಟುಗಳಾಗಿ ಕಡ್ಡಿಗಳಲ್ಲಿ ತೋರಿಸಿದರೆ ಒಂದೇ ಗಳಿಗೆಯಲ್ಲಿ ಗಂಟು ಬಿಚ್ಚುತ್ತದೆ. ಆ ಗಂಟನ್ನು ಕಾಣಬೇಕಾದರೆ ಮಗುವಿನ ಉತ್ತರವನ್ನಷ್ಟೇ ಅಲ್ಲ, ಅದು ನಡೆದ ದಾರಿಯನ್ನೂ ನೋಡುವವರು ಒಬ್ಬರು ಬೇಕು.

1979ರ ಕ್ರಾಂತಿಯಲ್ಲಿ ನಿಕರಾಗುವದ ಸರ್ಕಾರ ಬದಲಾಯಿತು. ಲೆಕ್ಕದ ಬಾನುಲಿಯೂ ಅಲ್ಲಿ ನಿಂತಿತು. ಆದರೆ ಬೀಜ ಬೇರೆ ನೆಲದಲ್ಲಿ ಮೊಳೆಯಿತು. ಥಾಯ್ಲೆಂಡ್, ಬೊಲಿವಿಯ, ಹೊಂಡುರಾಸ್ ಮೊದಲಾದ ದೇಶಗಳು ಈ ಕ್ರಮವನ್ನು ತಮಗೆ ಒಗ್ಗಿಸಿಕೊಂಡವು. ನಮ್ಮ ನಾಡಿಗೂ ಅದು ಬಂದಿತು. 2000ದ ದಶಕದಲ್ಲಿ ಕರ್ನಾಟಕದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ಕಾರ್ಯಕ್ರಮಗಳನ್ನು ಆಕಾಶವಾಣಿಯ ಮೂಲಕ ಶಾಲೆಗಳಿಗೆ ತಲುಪಿಸಿತು.

ಇನ್ನು ನಮ್ಮ ಕಾಲದ ಸಲಕರಣೆಗಳು. 2004ರಲ್ಲಿ ಸಲ್ಮಾನ್ ಖಾನ್ ಎಂಬವರು ಅಮೆರಿಕದಲ್ಲಿ ದೂರದ ಊರಿನಲ್ಲಿದ್ದ ತಮ್ಮ ಬಂಧುವಿನ ಮಗಳಿಗೆ ಗಣಿತ ಹೇಳಿಕೊಡಲು ತೊಡಗಿ, 2006ರಿಂದ ಪಾಠಗಳನ್ನು ವೀಡಿಯೊಗಳಾಗಿ ಯೂಟ್ಯೂಬಿನಲ್ಲಿ ಇಟ್ಟರು. ಮುಂದೆ ಖಾನ್ ಅಕಾಡೆಮಿಯಾಗಿ ಬೆಳೆದ ಆ ಸಂಸ್ಥೆಯ ಪಾಠಗಳು ಇಂದು ಕನ್ನಡದಲ್ಲಿಯೂ ಇವೆ. ನಮ್ಮ ದೇಶದ ದೀಕ್ಷಾ ವೇದಿಕೆ 2017ರಲ್ಲಿ ಆರಂಭವಾಯಿತು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ವಿದ್ಯಾಗಮ ಯೋಜನೆಯಲ್ಲಿ ಉಪಾಧ್ಯಾಯರು ಮಕ್ಕಳಿದ್ದಲ್ಲಿಗೇ ಹೋದರು. ಮನೆಗೆ ಒಂದೇ ಮೊಬೈಲು ಇದ್ದು ಅದೂ ತಂದೆಯ ಜೇಬಿನಲ್ಲಿ ಕೂಲಿಗೆ ಹೋಗುತ್ತಿದ್ದ ಮನೆಗಳ ಮಕ್ಕಳಿಗೆ ಆ ಕಾಲದಲ್ಲಿ ಆದ ನಷ್ಟ ಸಣ್ಣದಲ್ಲ.

ವೀಡಿಯೊ ಪಾಠದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ತಿಳಿಯದ ಭಾಗವನ್ನು ಮತ್ತೆ ಮತ್ತೆ ನೋಡಬಹುದು; ಹತ್ತು ಸಲ ಕೇಳಿದರೂ ಅದಕ್ಕೆ ಬೇಸರವಿಲ್ಲ. ಆದರೆ ತಾನಾಗಿ ನಿಲ್ಲುವ ಬಿಡುವನ್ನು ಎಷ್ಟೋ ವೀಡಿಯೊಗಳಲ್ಲಿ ಕಾಣೆವು. ಲೆಕ್ಕವನ್ನೂ ಅದೇ ಕೇಳುತ್ತದೆ, ಉತ್ತರವನ್ನೂ ಅದೇ ಹೇಳುತ್ತದೆ. ನೋಡುವ ಮಗುವಿಗೆ ಎಲ್ಲ ತಿಳಿದಂತೆ ತೋರುತ್ತದೆ. ಸೀಮೆಸುಣ್ಣ ಕೈಗೆ ಬಂದಾಗ ಒಂದೂ ಸಾಗುವುದಿಲ್ಲ. ಬೇರೆಯವರ ಈಜನ್ನು ದಡದಲ್ಲಿ ನಿಂತು ನೋಡಿದವನ ಪಾಡು ಅದು. ಬಿಡುವನ್ನು ಬಲ್ಲ ಹೊಸ ಸಾಧನಗಳೂ ಇಲ್ಲದಿಲ್ಲ. ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ ತಮ್ಮ ವಿದ್ಯಾರ್ಥಿದೆಸೆಯಲ್ಲಿ, 2001ರ ಸುಮಾರಿಗೆ, ‘ಜಿಯೋಜಿಬ್ರಾ’ವನ್ನು ರೂಪಿಸತೊಡಗಿದರು. ಅದರಲ್ಲಿ ತ್ರಿಭುಜದ ಒಂದು ಮೂಲೆಯನ್ನು ಹಿಡಿದು ಎತ್ತ ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ. ಎಳೆಯುವ ಮೊದಲು, ಈಗ ಮೊತ್ತವೆಷ್ಟಾದೀತು, ಹೇಳು ಎಂದು ಉಪಾಧ್ಯಾಯನು ಕೇಳಿದರೆ ಅದು ಪಾಠ. ಕೇಳದಿದ್ದರೆ ಅದೂ ಒಂದು ಚಲಿಸುವ ಚಿತ್ರವಷ್ಟೇ.

ಆದುದರಿಂದ, ನಿಮ್ಮ ಊರಿನ ಶಾಲೆಗೆ ಹೊಸ ಸಲಕರಣೆಯನ್ನು ಯಾರಾದರೂ ತಂದಾಗ ಅದರ ಬೆಲೆಯನ್ನೂ ಬಣ್ಣವನ್ನೂ ವಿಚಾರಿಸುವುದರ ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಿರಿ. ಇದು ಮಗುವಿನ ಉತ್ತರಕ್ಕಾಗಿ ಎಲ್ಲಿ ನಿಲ್ಲುತ್ತದೆ? ಉತ್ತರ ತಪ್ಪಾದಾಗ ಅದರ ದಾರಿಯನ್ನು ನೋಡುವವರು ಯಾರು? ಮೊದಲನೆಯ ಪ್ರಶ್ನೆಗೆ ಮಸಾಯದ ಹಳ್ಳಿಗಳಲ್ಲಿ ಒಂದು ಸಾಧಾರಣ ಬಾನುಲಿ ಪೆಟ್ಟಿಗೆ ಉತ್ತರ ಕೊಟ್ಟಿತು. ಎರಡನೆಯದಕ್ಕೆ ತರಗತಿಯಲ್ಲಿ ಒಬ್ಬ ಉಪಾಧ್ಯಾಯ, ಅವನ ಕೈಗೆ ಸಿಗುವಷ್ಟು ಮಕ್ಕಳು, ಅವರ ಪಟ್ಟಿಪುಸ್ತಕಗಳನ್ನು ತೆರೆದು ನೋಡುವಷ್ಟು ಹೊತ್ತು ಬೇಕು. ಸಲಕರಣೆಗೆ ಹಣ ಕೊಡುವವರು ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಲಿ.