ಉತಾರದ ವಹಿ ಯಾರ ಬಗಲಾಗ ಇತ್ತು?

1/4
ನಿಮ್ಮ ಮನಿಗೆ ಒಂದೆಕರೆ ಹೊಲ ಇದ್ದರೂ ಈ ಕಾಗದ ನಿಮಗೆ ಗೊತ್ತಿರತೈತಿ: ಉತಾರ. ಮೈಸೂರು ಕಡೆಯವರು ಪಹಣಿ ಅಂತಾರ. ಸರ್ವೆ ನಂಬರ್, ಮಾಲೀಕರ ಹೆಸರು, ಎಕರೆ-ಗುಂಟೆ, ಬೆಳೆ, 11ನೇ ಕಲಂನಲ್ಲಿ ಸಾಲದ ಬೋಜಾ, ಎಲ್ಲಾ ಅದರೊಳಗೇ. ಬೆಳೆಸಾಲ, ವಾಟ್ನಿ, ವಾರಸಾ, ಕೋರ್ಟು, ಯಾವುದಕ್ಕೂ ಉತಾರ ಇಲ್ಲದೆ ಕೆಲಸ ಮುಂದೆ ಹೋಗೋದಿಲ್ಲ.

ಈಗ ಫೋನಿನಾಗ ನೋಡ್ತೀವಿ. 25 ವರ್ಷದ ಹಿಂದೆ ಅದು ಗ್ರಾಮ ಲೆಕ್ಕಿಗರ ಬಗಲಾಗಿನ ವಹಿಯೊಳಗಿತ್ತು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರು-ನಾಲ್ಕು ಹಳ್ಳಿ. ಅವರು ಸಿಕ್ಕ ದಿನ ಉತಾರ, ಬರೆದಷ್ಟೇ ಸತ್ಯ. ಕೆಲವು ಕಡೆ ಕೈ ಬೆಚ್ಚಗೆ ಮಾಡದೆ ವಹಿ ತೆರೀತಿರಲಿಲ್ಲ.

ನಮ್ಮ ಬಿಕಾಂ ಪುಸ್ತಕದಾಗ "ಬದಲಾವಣೆಗೆ ಪ್ರತಿರೋಧ" ಅಂತ ಪಾಠ ಐತಿ. ಉದಾಹರಣೆ ಎಲ್ಲಾ ಅಮೆರಿಕದ ಕಂಪನಿಗಳದ್ದು. ನಮ್ಮ ಉತಾರದ ಕಥೆ ಅದಕ್ಕಿಂತ ಛಲೋ ಐತಿ, ಕೇಳ್ರಿ.

2/4
ಈ ವಹಿಯ ಅಧಿಕಾರ ಹಳೇದು. ಹಿಂದೆ ನಮ್ಮ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಾಗ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಾಗ ಇತ್ತು. ಊರ ಲೆಕ್ಕ ಬರೆಯೋದು ಕುಲಕರ್ಣಿ ಮನೆತನದ ವತನ. ಮುಂಬೈ ಸರ್ಕಾರ 1950ರ ಕಾಯ್ದೆಯಿಂದ ಆ ವತನ ರದ್ದು ಮಾಡಿತು. ಮನೆತನ ಹೋಗಿ ಸರ್ಕಾರಿ ನೌಕರ ಬಂದ. ಆದರೆ ವಹಿ ಒಬ್ಬರ ಕೈಯಲ್ಲೇ ಉಳೀತು.

1991ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಭೂ ದಾಖಲೆ ಕಂಪ್ಯೂಟರಿಗೆ ಹಾಕೋ ಪ್ರಯೋಗ ಶುರುವಾಯ್ತು. ಅದು ಯಾಕೆ ಗಟ್ಟಿಯಾಗಿ ನಿಲ್ಲಲಿಲ್ಲ? ಕಂಪ್ಯೂಟರಿನ ಜೊತೆಗೆ ಕೈಬರಹದ ವಹಿಯೂ ನಡೀತಿತ್ತು. ಹೊಲ ಕೈ ಬದಲಾದರೆ ವಹಿಯಲ್ಲಿ ಬರೀತಿದ್ದರು, ಕಂಪ್ಯೂಟರಿನಲ್ಲಿ ಹಳೇದೇ ಉಳೀತಿತ್ತು. ಎರಡು ದಾರಿ ಬಿಟ್ಟರೆ ಜನ ಹಳೇ ದಾರೀನೇ ಹಿಡೀತಾರ.

3/4
ಮುಂದೆ ಬಂದದ್ದು "ಭೂಮಿ" ಯೋಜನೆ. ಎಸ್. ಎಂ. ಕೃಷ್ಣ ಮುಖ್ಯಮಂತ್ರಿ, ಕಂದಾಯ ಇಲಾಖೆಯಲ್ಲಿ ಮುಂದೆ ನಿಂತು ನಡೆಸಿದವರು ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿ. 67 ಲಕ್ಷ ರೈತರ 2 ಕೋಟಿ ದಾಖಲೆ. ಅವರು ಮಾಡಿದ್ದನ್ನ ಗಮನಿಸ್ರಿ:

▪️ ತಾಲೂಕು ಆನ್‌ಲೈನ್ ಆದ ದಿನದಿಂದ ಅಲ್ಲಿ ಕೈಬರಹದ ಉತಾರಕ್ಕೆ ಬೆಲೆ ಇಲ್ಲ. ಹಿಂದಕ್ಕೆ ಹೋಗೋ ದಾರಿ ಬಂದ್.
▪️ ಟೈಪ್ ಆದದ್ದನ್ನ ಮೂಲ ವಹಿಗೆ ತಾಳೆ ನೋಡೋ ಕೆಲಸ ಲೆಕ್ಕಿಗರಿಗೇ ಕೊಟ್ಟರು. ಅವರನ್ನ ಹೊರಗಿಟ್ಟು ಮಾಡಲಿಲ್ಲ.
▪️ ಕೌಂಟರ್‌ಗೆ ಹೊಸದಾಗಿ ನೇಮಕ ಆದ ಹುಡುಗ-ಹುಡುಗಿಯರನ್ನ ತರಬೇತಿ ಕೊಟ್ಟು ಕೂಡಿಸಿದರು. ಅವರೂ ಗ್ರಾಮ ಲೆಕ್ಕಿಗರೇ.
▪️ ಬೆರಳಚ್ಚು ಕೊಟ್ಟೇ ಲಾಗಿನ್. ಯಾರು ಏನು ತಿದ್ದಿದರು ಅಂತ ಗೊತ್ತಾಗತೈತಿ.
▪️ ರೈತನ ಕಡೆ ಮುಖ ಮಾಡಿ ಇನ್ನೊಂದು ಸ್ಕ್ರೀನ್. ಶುಲ್ಕ 15 ರೂಪಾಯಿ. ಹಕ್ಕು ಬದಲಾವಣೆಗೆ ಮೊದಲು ಬಂದ ಅರ್ಜಿಯೇ ಮೊದಲು.

2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲೂಕುಗಳಿಗೂ ಮುಟ್ಟಿತು. ನೌಕರರಿಗೆ ಕಂಪ್ಯೂಟರ್ ಅಂದ್ರೆ ಅಂಜಿಕೆ ಇದ್ದಿರಬಹುದು, ಅದು ತರಬೇತಿಯಿಂದ ಹೋಗ್ತದ. ಆದರೆ ವಹಿ ಕೈ ಬಿಟ್ಟರೆ ಅಧಿಕಾರವೂ ಹೋಗ್ತದ ಅನ್ನೋ ಅಂಜಿಕೆಗೆ ತರಬೇತಿ ಮದ್ದಲ್ಲ. ಅದಕ್ಕೇ ನಿಯಮವನ್ನೇ ಬದಲಿಸಬೇಕಾಯ್ತು.

4/4
ಎಲ್ಲಾ ಸರಿ ಹೋಯ್ತಾ? ಇಲ್ಲ. ವಹಿಯೊಳಗಿನ ತಪ್ಪು ಹೆಸರು ಕಂಪ್ಯೂಟರಿನೊಳಗೂ ಹಾಂಗ ಕುಂತಿತು. ಊರಾಗೇ ಸಿಗ್ತಿದ್ದ ಕಾಗದಕ್ಕೆ ಅಡರಕಟ್ಟಿಯಂಥ ಹಳ್ಳಿಯವರು ಒಂದು ದಿನದ ಕೂಲಿ ಬಿಟ್ಟು ಆಗಿನ ತಾಲೂಕು ಶಿರಹಟ್ಟಿಗೆ ಹೋಗಬೇಕಾಯ್ತು. ಬೆಂಗಳೂರಿನ ಸುತ್ತ ಭೂಮಿ ಹುಡುಕೋ ದೊಡ್ಡವರಿಗೇ ಇದರಿಂದ ಹೆಚ್ಚು ಅನುಕೂಲ ಆಯ್ತು ಅಂತ 2007ರಲ್ಲಿ ಕೆಲವು ಸಂಶೋಧಕರು ಬರೆದರು.

ಈಗಿನ ಮಾತಿಗೆ ಬರೋಣ. ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತಾಧಿಕಾರಿ ಅಂತ ಹೆಸರು. 2024ರ ಸೆಪ್ಟೆಂಬರ್‌ನಲ್ಲಿ ಅವರು ಮುಷ್ಕರ ಹೂಡಿದರು: ಆ್ಯಪ್ ಮೇಲೆ ಆ್ಯಪ್ ಹೇರ್ತೀರಿ, ಕೂರಾಕ ಸರಿಯಾದ ಕಚೇರಿ ಇಲ್ಲ, ಲ್ಯಾಪ್‌ಟಾಪ್ ಇಲ್ಲ. ಕೇಳಿದವರು "ಇವರು ಯಾವಾಗಲೂ ಹೊಸದಕ್ಕೆ ಅಡ್ಡ" ಅಂದುಬಿಡಬಹುದು. ನನಗೆ ಹಾಂಗ ಅನಿಸೋದಿಲ್ಲ.

ಹುದ್ದೆ ಅದೇ, ಪ್ರತಿರೋಧ ಮಾತ್ರ ಬ್ಯಾರೆ. ಅವತ್ತು ಕೆಲವರು ವಹಿ ಬಿಡಾಕ ಒಲ್ಲೆ ಅಂದರು. ಇವತ್ತಿನವರು ಕೆಲಸ ಮಾಡ್ತೀವಿ, ಸಲಕರಣೆ ಕೊಡ್ರಿ ಅಂತಿದ್ದಾರೆ. ಮೊದಲನೇದನ್ನ ಗೆಲ್ಲಬೇಕು. ಎರಡನೇದನ್ನ ಕೇಳಬೇಕು. ಯಾವುದು ಯಾವುದು ಅಂತ ಗುರುತಿಸೋರೇ ಬದಲಾವಣೆ ತರಾಕ ಲಾಯಕ್ಕು.

ನಾಳೆ ನೀವು ಬ್ಯಾಂಕಿಗೋ, ಸೊಸೈಟಿಗೋ, ಅಂಗಡಿಗೋ ಕೆಲಸಕ್ಕೆ ಹೋಗ್ತೀರಿ. ಅಲ್ಲಿ ಯಾರಾದರೂ ಹೊಸದಕ್ಕೆ "ಬ್ಯಾಡ" ಅಂದರೆ ಮೊದಲು ಕೇಳ್ರಿ: ಇದರಿಂದ ನಿಮ್ಮ ಕೈಯಿಂದ ಏನು ಹೋಗ್ತೈತಿ?

ನಿಮ್ಮ ಮನಿಯೊಳಗ ಕೈಬರಹದ ಹಳೇ ಉತಾರ ಇದ್ದರ ಜ್ವಾಪಾನ ಮಾಡ್ರಿ. ಹಿರಿಯರು ಅದನ್ನ ತರಾಕ ಎಷ್ಟು ಸಲ ಅಲೆದಾಡಿದ್ರು, ಕಾಮೆಂಟಿನಾಗ ಹೇಳ್ರಿ 👇

#ಉತಾರ #ಭೂಮಿಯೋಜನೆ #ಅಡರಕಟ್ಟಿ #ಲಕ್ಷ್ಮೇಶ್ವರ #ಗದಗ #ನಮ್ಮಇತಿಹಾಸ