ಕೈಫೋನಿನ ಆಯ್ಕೆ: ವಯೋಧರ್ಮವೋ, ಕಾಲಧರ್ಮವೋ?

1

ತರುಣರಿಗೆ ಸ್ಮಾರ್ಟ್‌ಫೋನು ಪ್ರಿಯ, ವೃದ್ಧರಿಗೆ ಕೀಪ್ಯಾಡಿನ ಸರಳ ಫೋನು ಪ್ರಿಯ ಎಂಬ ಮಾತು ಇಂದು ಎಲ್ಲೆಡೆಯೂ ಕೇಳಿಬರುತ್ತದೆ. ವರ್ತಕರು ಈ ಮಾತನ್ನು ನಂಬಿ ತಮ್ಮ ಸರಕನ್ನು ವಿಂಗಡಿಸುತ್ತಾರೆ. ಕಚೇರಿಗಳು ಇದನ್ನೇ ನಂಬಿ, ತಮ್ಮ ಹೊಸ ವ್ಯವಸ್ಥೆಗೆ ಹೊಂದಿಕೊಳ್ಳದ ಹಿರಿಯರನ್ನು ಹಳೆಯ ಕಾಲದವರೆಂದು ಬದಿಗಿರಿಸುತ್ತವೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ಪ್ರಶ್ನೆಯನ್ನು ಎತ್ತಲೇಬೇಕಾಗುತ್ತದೆ. ಈ ಭೇದವು ವಯೋಧರ್ಮದಿಂದ, ಎಂದರೆ ತಾರುಣ್ಯ ವಾರ್ಧಕ್ಯಗಳ ಸಹಜ ಸ್ವಭಾವದಿಂದ, ಬಂದುದೇ? ಅಥವಾ ಕಾಲಧರ್ಮದಿಂದ, ಎಂದರೆ ಆಯಾ ತಲೆಮಾರು ಯಾವ ಸಾಧನವನ್ನು ಯಾವ ವಯಸ್ಸಿನಲ್ಲಿ, ಯಾವ ಬೆಲೆಗೆ, ಯಾವ ಲಿಪಿಯಲ್ಲಿ ಮೊದಲು ಸಂಧಿಸಿತೆಂಬುದರಿಂದ, ಬಂದುದೇ?

ಈ ಪ್ರಶ್ನೆಯ ವಿಚಾರಣೆಗೆ ಜಪಾನಿನ ನಿದರ್ಶನವು ವಿಶೇಷವಾಗಿ ಉಪಯುಕ್ತವಾಗಿದೆ. ಅಲ್ಲಿ ಒಡನೊಯ್ಯುವ ಸಂಪರ್ಕಸಾಧನಗಳ ಚರಿತ್ರೆ ಅರ್ಧ ಶತಮಾನವನ್ನು ಮೀರಿದೆ. ಒಂದೇ ಸಾಧನವು ಒಂದು ವಯೋವರ್ಗದಿಂದ ಮತ್ತೊಂದಕ್ಕೆ ದಾಟಿದ ಬಗೆಯನ್ನು ಅಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಆದುದರಿಂದ ಮೊದಲು ಆ ದೇಶದ ವೃತ್ತಾಂತವನ್ನು ನೋಡಿ, ಅನಂತರ ಅದರಿಂದ ನಮಗೆ ದೊರೆಯುವ ತಿಳಿವನ್ನು ವಿಚಾರಿಸೋಣ.

2

ಜಪಾನಿನಲ್ಲಿ ಪೇಜರ್ ಸೇವೆ 1968ರಲ್ಲಿ ಪ್ರಾರಂಭವಾಯಿತು. ಜನ ಅದನ್ನು 'ಪಾಕೆಟ್ ಬೆಲ್' ಎಂದೂ, ಸಂಕ್ಷೇಪವಾಗಿ 'ಪೊಕೆಬೆರು' ಎಂದೂ ಕರೆದರು. ಮೊದಲಲ್ಲಿ ಅದು ಕೇವಲ ಸದ್ದುಮಾಡುವ ಪೆಟ್ಟಿಗೆಯಾಗಿತ್ತು. ಸದ್ದು ಕೇಳಿದೊಡನೆ ಒಯ್ದವನು ಹತ್ತಿರದ ಸಾರ್ವಜನಿಕ ದೂರವಾಣಿಗೆ ಹೋಗಿ ತನ್ನ ಕಚೇರಿಗೆ ಕರೆಮಾಡುತ್ತಿದ್ದನು. ಊರೂರು ತಿರುಗುವ ವ್ಯಾಪಾರ ಪ್ರತಿನಿಧಿಗಳು ಮತ್ತು ವೈದ್ಯರು ಅದರ ಬಳಕೆದಾರರು. ಎಂದರೆ ಅದು ನಡುವಯಸ್ಸಿನ ಉದ್ಯೋಗಸ್ಥರ ಸಾಧನವಾಗಿತ್ತೇ ಹೊರತು ಯಾವ ತರುಣನೂ ಆಸೆಪಟ್ಟು ಕೊಳ್ಳುವ ವಸ್ತುವಾಗಿರಲಿಲ್ಲ.

1987ರಲ್ಲಿ ಅಂಕಿಗಳನ್ನು ತೋರಿಸುವ ಪೇಜರ್ ಬಂದಿತು. ಕರೆಮಾಡಬೇಕಾದ ಸಂಖ್ಯೆಯನ್ನು ತಿಳಿಸುವುದಷ್ಟೇ ಅದರ ಉದ್ದೇಶವಾಗಿತ್ತು. ಆದರೆ 1990ರ ದಶಕದ ಮೊದಲ ಭಾಗದಲ್ಲಿ ಪ್ರೌಢಶಾಲೆಯ ಬಾಲಿಕೆಯರು ಆ ಅಂಕಿಗಳಿಂದಲೇ ಒಂದು ಭಾಷೆಯನ್ನು ಕಟ್ಟಿದರು. ಜಪಾನೀ ಭಾಷೆಯಲ್ಲಿ ಒಂದೊಂದು ಅಂಕಿಗೂ ಹಲವು ಉಚ್ಚಾರಣೆಗಳಿವೆ. ಅದರ ಆಧಾರದಿಂದ 0840 ಎಂದರೆ 'ಒಹಾಯೋ', ಅಂದರೆ ಬೆಳಗಿನ ವಂದನೆ; 4649 ಎಂದರೆ 'ಯೊರೊಶಿಕು', ಅಂದರೆ ವಿಶ್ವಾಸವಿರಲಿ ಎಂಬ ಉಪಚಾರದ ಮಾತು. ಅಕ್ಷರಗಳಿಂದ ಸಂಖ್ಯೆಯನ್ನು ಸೂಚಿಸುವ ಕಟಪಯಾದಿ ಕ್ರಮವನ್ನು ಬಲ್ಲ ನಮಗೆ ಇದು ಅದರ ವಿಲೋಮದಂತೆ ತೋರಬಹುದು. ಶಾಲೆಯ ಬಿಡುವಿನಲ್ಲಿ ಸಾರ್ವಜನಿಕ ದೂರವಾಣಿಯ ಮುಂದೆ ನಿಂತು ಬಾಲಿಕೆಯರು ಅತಿ ವೇಗವಾಗಿ ಗುಂಡಿಗಳನ್ನು ಒತ್ತುತ್ತಿದ್ದರು. 1996ರ ವೇಳೆಗೆ ಚಂದಾದಾರರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬಾಲಿಕೆಯರು ಪೇಜರನ್ನು ಆರಿಸಿಕೊಂಡುದು ಅದು ನವೀನವೆಂದಲ್ಲ. ಆ ಹೊತ್ತಿಗೆ ಅದು ಇಪ್ಪತ್ತು ವರ್ಷ ದಾಟಿದ ಹಳೆಯ ಸಾಧನ. ಕೈಫೋನು ಅವರ ಕೈಗೆಟುಕುತ್ತಿರಲಿಲ್ಲ; ಮನೆಯ ದೂರವಾಣಿ ತಂದೆತಾಯಿಯರ ಕಿವಿಗೆ ಬೀಳುವಂತೆ ನಡುಮನೆಯಲ್ಲಿತ್ತು. ಅಲ್ಪವೆಚ್ಚದಲ್ಲಿ, ಹಿರಿಯರ ಕಿವಿ ತಪ್ಪಿಸಿ, ಗೆಳತಿಯೊಡನೆ ಮಾತನಾಡಲು ದೊರೆತ ಮಾರ್ಗ ಅದೊಂದೇ. ನಾವು 'ತಾರುಣ್ಯದ ಅಭಿರುಚಿ' ಎನ್ನುವುದು ಇಲ್ಲಿ ನಿರ್ಬಂಧದಿಂದ ಹುಟ್ಟಿದ ಜಾಣ್ಮೆಯಾಗಿದೆ.

ಸೇವೆ ಒದಗಿಸುವವರು ಇದನ್ನು ಅರಿಯದೆ ನಷ್ಟಪಟ್ಟುದೂ ಉಂಟು. ಎನ್‌ಟಿಟಿ ಡೊಕೊಮೊ ಸಂಸ್ಥೆಯು ತನ್ನ ಪೇಜರಿನಲ್ಲಿ ಹೃದಯದ ಚಿಹ್ನೆಯೊಂದನ್ನು ಇರಿಸಿತ್ತು. ಮುಂದೆ ವ್ಯಾಪಾರಸ್ಥರಿಗೆ ಅನುಕೂಲವಾಗಲೆಂದು ಹೊಸ ಮಾದರಿಯನ್ನು ಹೊರಡಿಸಿದಾಗ ಆ ಚಿಹ್ನೆಯನ್ನು ಬಿಟ್ಟಿತು. ತರುಣರು ಬೇರೆ ಸಂಸ್ಥೆಯ ಕಡೆಗೆ ಹೋದರು. ಆಗ ಅಲ್ಲಿ ಉದ್ಯೋಗದಲ್ಲಿದ್ದ ಶಿಗೆಟಾಕಾ ಕುರಿಟಾ ಅವರು ಈ ಪ್ರಸಂಗವನ್ನು ಸ್ಮರಿಸಿದ್ದಾರೆ. 1999ರಲ್ಲಿ ಅದೇ ಸಂಸ್ಥೆ ಕೈಫೋನಿಗೆ ಐ-ಮೋಡ್ ಎಂಬ ಅಂತರಜಾಲ ಸೇವೆಯನ್ನು ಸೇರಿಸಿದಾಗ ಅವರು 176 ಪುಟ್ಟ ಚಿತ್ರಾಕ್ಷರಗಳನ್ನು ರಚಿಸಿದರು. ಇಂದು ಮುದುಕರೂ ಮಕ್ಕಳೂ ಸಮಾನವಾಗಿ ಬಳಸುವ ಇಮೋಜಿಗಳ ಪೂರ್ವಜರಲ್ಲಿ ಇವು ಮುಖ್ಯವಾದವು.

3

ಇನ್ನು ವೃದ್ಧರ ವಿಷಯ. 2001ರಿಂದ ಫುಜಿತ್ಸು ಸಂಸ್ಥೆಯು ಡೊಕೊಮೊಗಾಗಿ 'ರಾಕುರಾಕು' ಎಂಬ ಫೋನುಗಳನ್ನು ತಯಾರಿಸತೊಡಗಿತು. ಆ ಪದಕ್ಕೆ 'ಸುಲಭ', 'ನಿರಾಯಾಸ' ಎಂದು ಅರ್ಥ. ದೊಡ್ಡ ಅಕ್ಷರಗಳು, ಆಪ್ತರಿಗೆ ಒಮ್ಮೆಗೇ ಕರೆಮಾಡಲು ಪ್ರತ್ಯೇಕ ಗುಂಡಿಗಳು ಇದರ ಲಕ್ಷಣಗಳು. 2012ರಲ್ಲಿ ಇದೇ ಹೆಸರಿನ ಸ್ಮಾರ್ಟ್‌ಫೋನು ಬಂದಾಗ, ಗಾಜನ್ನು ಬರಿದೆ ಮುಟ್ಟಿದರೆ ಕೆಲಸ ನಡೆಯದೆ, ಗುಂಡಿಯಂತೆ ಒತ್ತಿದಾಗಲೇ ನಡೆಯುವಂತೆ ಅದನ್ನು ರೂಪಿಸಲಾಗಿತ್ತು. ಕಣ್ಣು ಮಂಜಾಗುವುದು, ಬೆರಳಿನ ಸ್ಪರ್ಶ ಮಂದವಾಗುವುದು ವಯೋಧರ್ಮವೇ ಸರಿ. ಆದರೆ ಒತ್ತಿದುದು ಬೆರಳಿಗೆ ತಿಳಿಯಬೇಕೆಂಬ ಬಯಕೆ ಜೀವಮಾನವಿಡೀ ಗುಂಡಿಗಳೊಡನೆ ಬಾಳಿದ ತಲೆಮಾರಿನ ಅಭ್ಯಾಸ; ಅದು ಕಾಲಧರ್ಮ.

ಪೇಜರಿನ ಅಂತ್ಯವು ಈ ವಿವೇಚನೆಗೆ ಬಲವಾದ ಸಾಕ್ಷಿಯನ್ನು ಒದಗಿಸುತ್ತದೆ. ಜಪಾನಿನ ಕೊನೆಯ ಪೇಜರ್ ಸೇವೆ 2019ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಕೊನೆಯವರೆಗೂ ಅದನ್ನು ಉಳಿಸಿಕೊಂಡಿದ್ದ ಖಾಸಗಿ ಚಂದಾದಾರರೊಬ್ಬರು, ತಮ್ಮ 80 ವರ್ಷದ ತಾಯಿಗೆ ಅದೇ ಮೆಚ್ಚಿನ ಸಂಪರ್ಕಮಾರ್ಗವೆಂದು ಕಾರಣ ಹೇಳಿದುದಾಗಿ ಪತ್ರಿಕೆಗಳು ವರದಿಮಾಡಿದವು. ನಡುವಯಸ್ಸಿನ ಉದ್ಯೋಗಸ್ಥರಿಂದ ಆರಂಭವಾಗಿ, ಹದಿಹರೆಯದ ಬಾಲಿಕೆಯರ ಕೈಗೆ ಬಂದು, ವೃದ್ಧೆಯೊಬ್ಬಳ ನಿಷ್ಠೆಯಲ್ಲಿ ಕೊನೆಗೊಂಡ ಈ ಸಾಧನವನ್ನು ನಾವು ಯಾವ ವಯಸ್ಸಿನದೆಂದು ಹೇಳಬೇಕು?

4

ಜಪಾನಿನ ಈ ವೃತ್ತಾಂತದಿಂದ ತೋರುವ ಅಭಿಪ್ರಾಯವನ್ನು ಅಂಕಿಸಂಖ್ಯೆಗಳಿಂದಲೂ ಪರೀಕ್ಷಿಸಬಹುದು. ಅಮೆರಿಕದ ಪ್ಯೂ ಸಂಶೋಧನ ಕೇಂದ್ರವು ಈ ವಿಷಯದಲ್ಲಿ ವರ್ಷಾನುವರ್ಷ ಸಮೀಕ್ಷೆ ನಡೆಸಿದೆ. 2011ರಲ್ಲಿ ಆ ದೇಶದ 65 ವರ್ಷ ದಾಟಿದವರಲ್ಲಿ ನೂರಕ್ಕೆ 11 ಜನ ಮಾತ್ರ ಸ್ಮಾರ್ಟ್‌ಫೋನು ಹೊಂದಿದ್ದರು. 2023ರಲ್ಲಿ ಆ ವರ್ಗದಲ್ಲಿ ಅದು 76ಕ್ಕೆ ಏರಿತ್ತು. 2023ರ ವೃದ್ಧರು 2011ರಲ್ಲಿ 53 ವರ್ಷವನ್ನು ತಲುಪಿದ್ದವರು ಅಥವಾ ಮೀರಿದ್ದವರು. ಅಂದು ಆ ವಯಸ್ಸಿನವರಲ್ಲಿ ಮೂರನೆಯ ಒಂದು ಪಾಲಿನಷ್ಟು ಜನರೂ ಸ್ಮಾರ್ಟ್‌ಫೋನು ಹೊಂದಿರಲಿಲ್ಲ. ಹೀಗಿರುವಲ್ಲಿ, ಸಾಧನವನ್ನು ಮೊದಲೇ ಬಲ್ಲ ತರುಣರು ಮುದುಕರಾದುದರಿಂದ ಮಾತ್ರ ಈ ಏರಿಕೆ ಆಯಿತೆನ್ನಲಾಗದು. ಅದೇ ಜನ ವಯಸ್ಸಾಗುತ್ತ ಆಗುತ್ತಲೇ ಹೊಸದನ್ನು ಕಲಿತರು. ವಾರ್ಧಕ್ಯವು ಸ್ಮಾರ್ಟ್‌ಫೋನಿಗೆ ಸ್ವಭಾವತಃ ವಿರೋಧಿಯಾಗಿದ್ದರೆ ಇದು ಸಂಭವಿಸುತ್ತಿರಲಿಲ್ಲ.

5

ಈ ತಿಳಿವಿನೊಡನೆ ನಮ್ಮ ನಾಡಿಗೆ ಬರೋಣ. ಭಾರತದಲ್ಲಿ ಮೊದಲ ಕೈಫೋನ್ ಕರೆ ನಡೆದುದು 1995ರ ಜುಲೈ 31ರಂದು. ಆಗ ಒಳಬರುವ ಕರೆಗೂ ಶುಲ್ಕ ತೆರಬೇಕಾಗಿತ್ತು. ಆ ಹೊರೆ ಕಳೆದುದು 2003ರಲ್ಲಿ. ಅದೇ ವರ್ಷ ಬಂದ ನೋಕಿಯಾ 1100 ಎಂಬ ಫೋನು, ಧೂಳು ತಡೆಯುವ ಕೀಪ್ಯಾಡು ಮತ್ತು ಪುಟ್ಟ ಟಾರ್ಚಿನೊಡನೆ, ಹಳ್ಳಿಗಳಲ್ಲಿಯೂ ಮನೆಮಾತಾಯಿತು. ಇಂದು ಹಿರಿಯರಾಗಿರುವ ಅನೇಕರ ಕೈ ಪಳಗಿದುದು ಇಂತಹ ಫೋನುಗಳಲ್ಲಿ. ಕರೆ ತಪ್ಪಿಸಿ ಸುದ್ದಿ ಮುಟ್ಟಿಸುವ 'ಮಿಸ್ಡ್ ಕಾಲ್' ನಮ್ಮವರ ಪೊಕೆಬೆರು ಭಾಷೆಯೆಂದರೂ ಸಲ್ಲುವುದು.

ಲಿಪಿಯ ಸಂಗತಿ ಇನ್ನೂ ಗಂಭೀರವಾದುದು. ಐಫೋನು 2007ರಲ್ಲಿ ಹೊರಬಂದಿತು. ಅದರಲ್ಲಿ ಕನ್ನಡದ ಕೀಲಿಮಣೆ ಅಳವಟ್ಟುದು 2017ರಲ್ಲಿ. ಹತ್ತು ವರ್ಷಗಳ ಕಾಲ ಆ ಫೋನು ತಾನಾಗಿ ಕನ್ನಡದಲ್ಲಿ ಬರೆಯಗೊಡಲಿಲ್ಲ. ಇಂಗ್ಲಿಷ್ ಕಲಿತ ಮೊಮ್ಮಗ ರೋಮನ್ ಲಿಪಿಯಲ್ಲಿ ಕನ್ನಡ ಬರೆದು ಮುಂದುವರಿದನು. ಕನ್ನಡವನ್ನು ಮಾತ್ರ ಓದಬಲ್ಲ ಅಜ್ಜಿ ಕರೆಮಾಡಿ ಮಾತನಾಡುವುದನ್ನೇ ಆರಿಸಿಕೊಂಡಳು. ಇದನ್ನು ಅಜ್ಜಿಯ ಅಭಿರುಚಿಯೆಂದು ಬರೆದುಕೊಂಡರೆ, ಯಂತ್ರದ ಕೊರತೆಯನ್ನು ಮನುಷ್ಯರ ಲೆಕ್ಕಕ್ಕೆ ಹಾಕಿದಂತಾಗುತ್ತದೆ.

ಇದು ಶಬ್ದಗಳ ಜಿಜ್ಞಾಸೆ ಮಾತ್ರವಲ್ಲ. ಹಣ ಪಾವತಿಯ ಯುಪಿಐ ವ್ಯವಸ್ಥೆ 2016ರಲ್ಲಿ ಬಂದಿತು. ಸಾದಾ ಫೋನಿನಿಂದ ಕರೆಯ ಮೂಲಕವೂ ಪಾವತಿ ಮಾಡಬಹುದಾದ 123ಪೇ ಎಂಬ ಏರ್ಪಾಡು 2022ರಲ್ಲಿ. ಆ ನಡುವಿನ ಆರು ವರ್ಷ ಕೀಪ್ಯಾಡು ಫೋನಿನವರಿಗೆ ಅಂಗಡಿಯ ಮುಂದಿನ ಚೌಕದ ಗುರುತು ಬಹುಮಟ್ಟಿಗೆ ಮುಚ್ಚಿದ ಬಾಗಿಲೇ ಆಗಿತ್ತು. ಹಿರಿಯರಿಗೆ ಇದು ಬೇಡ ಎಂಬ ತೀರ್ಮಾನ ಸುಲಭ. ಅವರಿಗೆ ಇದು ಸಿಗುವಂತೆ ಮಾಡಿದ್ದೇವೆಯೇ ಎಂಬ ಪ್ರಶ್ನೆ ಕಷ್ಟ.

ಈ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಸ್ವತಃ ಸಾಮಗ್ರಿ ಸಂಗ್ರಹಿಸಲು ಅವಕಾಶ ವಿಪುಲವಾಗಿದೆ. ತಮ್ಮ ಮನೆಯ ಹಿರಿಯರನ್ನು 'ನಿಮಗೆ ಯಾವ ಫೋನು ಇಷ್ಟ?' ಎಂದು ಕೇಳಿ ಬಿಡದೆ, ಮೊದಲ ಫೋನು ಯಾವ ವರ್ಷ ಬಂದಿತು, ಯಾರು ಕೊಡಿಸಿದರು, ಅದರಲ್ಲಿ ಯಾವ ಅಕ್ಷರ ಕಾಣುತ್ತಿತ್ತು, ಯಾರಿಂದ ಕಲಿತಿರಿ ಎಂದು ಕ್ರಮವಾಗಿ ಕೇಳಿ ಬರೆದಿಡಬೇಕು. ಅಂತಹ ನೂರು ಉತ್ತರಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ, ವಯಸ್ಸಿನ ಲಕ್ಷಣವೆಂದು ನಾವು ತಿಳಿದಿರುವುದರಲ್ಲಿ ಎಷ್ಟು ಭಾಗ ಕಾಲದ ಕೊಡುಗೆಯೆಂಬುದು ಗೊತ್ತಾಗುವುದು. ಇಂದು ಗಾಜಿನ ಮೇಲೆ ಬೆರಳಾಡಿಸುವವರೂ ಒಂದು ದಿನ ಹಿರಿಯರಾಗುವರು. ಆಗಿನ ಹೊಸ ಸಾಧನದ ಮುಂದೆ ಅವರ ಅಭ್ಯಾಸವೂ ಹಳೆಯ ಅಭಿರುಚಿಯೆಂದೇ ಕರೆಯಿಸಿಕೊಳ್ಳುವುದು.